ಗಣಕಯಂತ್ರವನ್ನು ಎಬ್ಬಿಸುವವರು ಯಾರು?

ಒಂದೇ ಗಣಕಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎಂಬ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ಇರಿಸಬಹುದೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದೇ ಇದೆ. ಆದರೆ ಗುಂಡಿಯನ್ನೊತ್ತಿದೊಡನೆ ಇವೆರಡರಲ್ಲಿ ಯಾವುದು ಏಳಬೇಕೆಂದು ತೀರ್ಮಾನಿಸುವವರು ಯಾರು? ಕಡತಗಳನ್ನು ತೆರೆಯುವುದು, ಪರದೆಯ ಮೇಲೆ ಬರೆಯುವುದು ಎಲ್ಲವೂ ಕಾರ್ಯಾಚರಣ ವ್ಯವಸ್ಥೆಯ ಕೆಲಸ. ಆ ವ್ಯವಸ್ಥೆಯೇ ಇನ್ನೂ ಎದ್ದಿಲ್ಲವಲ್ಲ!

ಈ ಒಗಟನ್ನು ಬಿಡಿಸುವುದು, ಯಂತ್ರದೊಳಗಿನ ಚಿಪ್ ಒಂದರಲ್ಲಿ ಮೊದಲೇ ಬರೆದಿಟ್ಟಿರುವ ಚಿಕ್ಕ ಪ್ರೋಗ್ರಾಮು. 1981ರ ಐಬಿಎಂ ಪಿಸಿಯಲ್ಲಿ ಇದಕ್ಕೆ ಬಯೋಸ್ ಎಂದು ಹೆಸರು. ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದಿ, ಅಲ್ಲಿರುವ ಸೂಚನೆಗಳಿಗೆ ಯಂತ್ರವನ್ನು ಒಪ್ಪಿಸುವುದು ಅದರ ಕರ್ತವ್ಯಗಳಲ್ಲೊಂದು. ಹಾರ್ಡ್ ಡಿಸ್ಕಿನಲ್ಲಾದರೋ ಈ 512ರಲ್ಲಿ 64 ಬೈಟುಗಳು ವಿಭಾಗಗಳ ಪಟ್ಟಿಗೆ, 2 ಗುರುತಿಗೆ ಹೋಗಿ, ಸೂಚನೆಗಳಿಗೆ ಉಳಿಯುವುದು 446. ಕನ್ನಡದಲ್ಲಿ ಬರೆದರೆ ಒಂದೆರಡು ವಾಕ್ಯಗಳಿಗೇ ತುಂಬಿಹೋಗುವ ಸ್ಥಳ! ಆದ್ದರಿಂದ ಈ ಸೂಚನೆಗಳು ತಮಗಿಂತ ದೊಡ್ಡದಾದ, ಗ್ರಬ್‌ನಂತಹ ಪ್ರೋಗ್ರಾಮನ್ನು ಕರೆತರುತ್ತವೆ; ಅದು ಪರದೆಯ ಮೇಲೆ ಪಟ್ಟಿಯನ್ನು ತೋರಿಸಿ ನಮ್ಮ ಆಯ್ಕೆಗಾಗಿ ಕೆಲವು ಕ್ಷಣ ಕಾಯುತ್ತದೆ. ಈಚಿನ ಯಂತ್ರಗಳಲ್ಲಿ ಬಯೋಸ್‌ನ ಸ್ಥಾನಕ್ಕೆ ಯುಇಎಫ್‌ಐ ಬಂದು ಈ ಇಕ್ಕಟ್ಟು ನೀಗಿದೆ.

ಒಂದು ಯಂತ್ರಕ್ಕೆ ಇಷ್ಟು ಸಾಕು. ಆದರೆ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿರುವಂತೆ ಮೂವತ್ತು ಯಂತ್ರಗಳಿದ್ದು, ಬೆಳಿಗ್ಗೆ ಲಿನಕ್ಸ್, ಮಧ್ಯಾಹ್ನ ವಿಂಡೋಸ್ ಬೇಕಾದಲ್ಲಿ, ಪ್ರತಿಯೊಂದರ ಮುಂದೆಯೂ ನಿಂತು ಆರಿಸುವುದರಲ್ಲಿಯೇ ಪಾಠದ ವೇಳೆ ಕಳೆದುಹೋಗುತ್ತದೆ. ಇಲ್ಲಿ ನೆರವಾಗುವುದು ಇಂಟೆಲ್ ಸಂಸ್ಥೆಯವರು ರೂಪಿಸಿದ ಪಿಎಕ್ಸ್‌ಇ ಎಂಬ ಏರ್ಪಾಡು, ಅದರ 2.1ನೆಯ ಆವೃತ್ತಿ 1999ರದು. ಇದರಂತೆ ಯಂತ್ರವು ಡಿಸ್ಕಿನ ಕಡೆ ತಿರುಗದೆ, ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ ಕೂಗುತ್ತದೆ: ‘ನನ್ನ ವಿಳಾಸವೇನು? ನಾನು ಓದಬೇಕಾದ ಕಡತವೆಲ್ಲಿ?’ ಸರ್ವರ್ ಎರಡಕ್ಕೂ ಉತ್ತರ ಕೊಡುತ್ತದೆ. ಕಡತವು ಚಿಕ್ಕ ಚಿಕ್ಕ ಕಂತುಗಳಲ್ಲಿ, ಒಂದು ತಲುಪಿತೆಂಬ ವರದಿ ಬಂದ ಮೇಲೆ ಮತ್ತೊಂದರಂತೆ ಬರುತ್ತದೆ. ಹೀಗೆ ಬಂದ ಪಿಎಕ್ಸ್‌ಇಲಿನಕ್ಸ್‌ನಂತಹ ಪ್ರೋಗ್ರಾಮು, ಆ ಯಂತ್ರದ ಜಾಲಕಾರ್ಡಿನ ಸಂಖ್ಯೆಯನ್ನೇ ಹೆಸರಾಗಿ ಹೊತ್ತ ಪಟ್ಟಿಯೊಂದು ಸರ್ವರಿನಲ್ಲಿದೆಯೇ ಎಂದು ಹುಡುಕುತ್ತದೆ. ಎಲ್ಲಿಯೂ ಸಿಗದಿದ್ದಲ್ಲಿ ಎಲ್ಲರಿಗೂ ಸಾಮಾನ್ಯವಾದ ಪಟ್ಟಿಯನ್ನು ಓದುತ್ತದೆ. ‘ನಿನ್ನ ಡಿಸ್ಕಿನಿಂದಲೇ ಏಳು’ ಎಂದೂ ಅಲ್ಲಿ ಬರೆದಿರಬಹುದು. ಸರ್ವರಿನ ಒಂದು ಸಾಲನ್ನು ತಿದ್ದಿದರೆ ಮೂವತ್ತು ಯಂತ್ರಗಳ ಆಯ್ಕೆ ಬದಲಾದಂತೆ.

ಆ ಸಾಲಿನ ತಪ್ಪೂ ಮೂವತ್ತಕ್ಕೆ ತಟ್ಟುತ್ತದೆ. ಕಾಯುವ ಅವಧಿಯನ್ನು ಗ್ರಬ್‌ನಲ್ಲಿ ಸೆಕೆಂಡುಗಳಲ್ಲಿ ಬರೆಯುತ್ತೇವೆ. ಪಿಎಕ್ಸ್‌ಇಲಿನಕ್ಸ್‌ನಲ್ಲಿ ಸೆಕೆಂಡಿನ ಹತ್ತನೆಯ ಒಂದಂಶಗಳಲ್ಲಿ. ಇದನ್ನು ಮರೆತು ನಾವೊಮ್ಮೆ 10 ಎಂದು ಬರೆದೆವು. ವಿದ್ಯಾರ್ಥಿಗಳು ಕೈಯಿಡುವಷ್ಟರಲ್ಲಿ ಪಟ್ಟಿ ಮಾಯ! ಮಾನಗಳ ವಿಷಯವನ್ನು ದಿನವೂ ಬೋಧಿಸುವ ನಮ್ಮನ್ನು ಕಂಡು ತರಗತಿ ನಕ್ಕದ್ದು ನ್ಯಾಯವೇ.

ಇದಕ್ಕಿಂತ ಗಂಭೀರವಾದ ಸಂಗತಿಯೊಂದಿದೆ. ಕೂಗಿಗೆ ಓಗೊಟ್ಟದ್ದು ನಿಜವಾದ ಸರ್ವರೇ ಎಂದು ವಿಚಾರಿಸುವ ಶಕ್ತಿ ಆ ಕೂಗುವ ಯಂತ್ರಕ್ಕಿಲ್ಲ. ಅದೇ ಜಾಲಕ್ಕೆ ತನ್ನ ಯಂತ್ರವನ್ನು ಸಿಕ್ಕಿಸಿದ ಕಿಡಿಗೇಡಿಯೊಬ್ಬನು ಮೊದಲು ಉತ್ತರಿಸಿದರೆ, ಅವನು ಕೊಟ್ಟದ್ದೇ ಏಳಬಹುದು. ಯುಇಎಫ್‌ಐನ ಸೆಕ್ಯೂರ್ ಬೂಟ್ ಎಂಬ ಕಾವಲು ಪ್ರೋಗ್ರಾಮಿನ ಮುದ್ರೆಯನ್ನು ಪರೀಕ್ಷಿಸಿ ಅಪರಿಚಿತವಾದುದನ್ನು ತಡೆಯುತ್ತದೆ. ಆಯ್ಕೆಪಟ್ಟಿಗೆ ಮಾತ್ರ ಸಾಮಾನ್ಯವಾಗಿ ಇಂತಹ ಮುದ್ರೆಯಿರುವುದಿಲ್ಲ. ಆದಕಾರಣ ಪ್ರಯೋಗಶಾಲೆಯ ಜಾಲವನ್ನು ಬೇರೆಯಾಗಿಟ್ಟು, ಸರ್ವರಿನ ತಂತಿ ಸೇರುವ ಕಿಂಡಿಯಿಂದ ಬಂದ ಉತ್ತರಗಳನ್ನು ಮಾತ್ರ ಸ್ವಿಚ್ಚು ಬಿಡುವಂತೆ ಏರ್ಪಡಿಸುವುದು ಕ್ಷೇಮ. ಸರ್ವರೇ ಕೆಟ್ಟು ಮೌನವಾದ ದಿನಕ್ಕಾಗಿ, ಏಳುವ ಅನುಕ್ರಮದಲ್ಲಿ ಜಾಲದ ನಂತರ ಡಿಸ್ಕನ್ನೂ ಸೇರಿಸಿರಬೇಕು. ಆಗ ಯಂತ್ರವು ಸ್ವಲ್ಪ ಹೊತ್ತು ಉತ್ತರಕ್ಕಾಗಿ ಕಾದು, ತನ್ನ ಡಿಸ್ಕಿನಿಂದಲೇ ಏಳುತ್ತದೆ.