‘ಶಿಕಾರಿ’ ಎಂಬ ಶಬ್ದ: ಚಿತ್ತಾಲರ ಕಾದಂಬರಿಯನ್ನು ಓದುವ ಒಂದು ಕ್ರಮ

ಯಶವಂತ ಚಿತ್ತಾಲರ ಕಾದಂಬರಿಗಳು ಸಾಮಾನ್ಯ ವಾಚಕನಿಗೆ ದುರ್ಗಮವೆಂಬ ಆಕ್ಷೇಪಣೆಯು ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ಆಗಾಗ ಕೇಳಿಬರುತ್ತದೆ. 1979ರಲ್ಲಿ ಪ್ರಕಟವಾದ ಅವರ ‘ಶಿಕಾರಿ’ಯ ವಿಷಯದಲ್ಲಂತೂ ಈ ಮಾತು ಹೆಚ್ಚು. ಒಂದು ಕಂಪನಿಯ ಅಧಿಕಾರಿಯಾದ ನಾಗಪ್ಪನ ಮೇಲೆ ಆರೋಪ ಬರುತ್ತದೆ. ವಿಚಾರಣೆಯ ನೆರಳು ಬೀಳುತ್ತದೆ. ಅವನು ಮುಂಬಯಿಯ ನಡುವೆ ಒಬ್ಬಂಟಿಯಾಗುತ್ತಾನೆ. ಕಥೆಯ ಎಳೆ ಇಷ್ಟು ಸರಳವಾಗಿದ್ದರೂ ಓದು ಕಠಿಣವಾಗುವುದೇತಕ್ಕೆ? ಈ ಪ್ರಶ್ನೆಗೆ ಕೃತಿಯ ಹೆಸರಿನಿಂದಲೇ ಉತ್ತರವನ್ನು ಹುಡುಕುವುದು ಪ್ರಕೃತ ಲೇಖನದ ಉದ್ದೇಶ.

‘ಶಿಕಾರಿ’ ಎಂಬುದು ಪಾರಸಿ ಮೂಲದ ಶಬ್ದ. ಕನ್ನಡದಲ್ಲಿ ಅದಕ್ಕೆ ಬೇಟೆ ಎಂಬ ಅರ್ಥವೇ ಹೆಚ್ಚು ರೂಢವಾಗಿದೆ. ‘ಶಿಕಾರಿಗೆ ಹೋದರು’ ಎನ್ನುತ್ತೇವೆ. ಆದರೆ ಹೈದರಾಬಾದಿನಲ್ಲಿ ನೆಲಸಿ ಉರ್ದುವನ್ನು ನಿತ್ಯ ಕೇಳುವ ನಮ್ಮಂಥವರಿಗೆ ಆ ಶಬ್ದವು ಬೇರೊಂದು ಬಗೆಯಲ್ಲಿ ಕೇಳಿಸುತ್ತದೆ. ಉರ್ದುವಿನಲ್ಲಿ ‘ಶಿಕಾರಿ’ ಎಂದರೆ ಬೇಟೆಗಾರ. ‘ಶಿಕಾರ್’ ಎಂದರೆ ಬೇಟೆಯೂ ಹೌದು, ಬೇಟೆಗೆ ಸಿಕ್ಕ ಪ್ರಾಣಿಯೂ ಹೌದು. ಹೀಗೆ ಕ್ರಿಯೆ, ಕರ್ತೃ, ಬಲಿ ಮೂರೂ ಒಂದೇ ಶಬ್ದಕುಟುಂಬದಲ್ಲಿ ಸೇರಿವೆ. ಗ್ರಂಥಕರ್ತರು ಇದನ್ನು ಉದ್ದೇಶಿಸಿದ್ದರೇ ಎಂಬುದು ಬೇರೆ ವಿಚಾರ. ಕೃತಿಯ ಮರ್ಮಕ್ಕೆ ಇದು ಹೊಂದುತ್ತದೆ ಎಂಬುದಷ್ಟೇ ನಮ್ಮ ವಾದ.

ಮೊದಲ ಓದಿನಲ್ಲಿ ನಾಗಪ್ಪನು ಬರಿಯ ಬಲಿಪಶುವಾಗಿ ಕಾಣುತ್ತಾನೆ. ಆದರೆ ಗಮನಿಸಬೇಕಾದುದೇನೆಂದರೆ, ಸುತ್ತಲಿನವರ ಮಾತು, ಮೌನ, ಮುಖಚರ್ಯೆಗಳು ಬಹುಪಾಲು ಅವನ ಪ್ರಜ್ಞೆಯ ಮೂಲಕವೇ ನಮಗೆ ದೊರೆಯುತ್ತವೆ. ಅವನು ಪ್ರತಿಯೊಬ್ಬರ ಹೆಜ್ಜೆಯ ಗುರುತನ್ನೂ ಅರಸುತ್ತಾನೆ. ಸಣ್ಣ ಸೂಚನೆಯ ಹಿಂದೆಯೂ ಸಂಚನ್ನು ಊಹಿಸುತ್ತಾನೆ. ಬೇಟೆಗೆ ಗುರಿಯಾದವನೇ ಬೇಟೆಗಾರನ ಕಣ್ಣನ್ನು ಪಡೆಯುತ್ತಾನೆ. ಅದಕ್ಕಿಂತಲೂ ಕಠೋರವಾದುದು, ಆ ಕಣ್ಣು ಅವನ ಒಳಕ್ಕೇ ತಿರುಗಿ, ಬಾಲ್ಯದ ಭಯಗಳನ್ನೂ ಕುಟುಂಬದ ದುಃಖಗಳನ್ನೂ ಬೆನ್ನಟ್ಟುವುದು. ಓದಿನ ಕಾಠಿಣ್ಯಕ್ಕೆ ಇದೇ ಕಾರಣ: ಯಾರನ್ನು ನಂಬಬೇಕೆಂಬುದನ್ನು ಲೇಖಕರು ನಮಗೆ ಹೇಳಿಕೊಡುವುದಿಲ್ಲ.

ಈ ಕಾದಂಬರಿಯನ್ನು ಕಾಫ್ಕಾನ ‘ದಿ ಟ್ರಯಲ್’ ಕೃತಿಯೊಡನೆ ಹೋಲಿಸುವ ವಾಡಿಕೆಯುಂಟು. ಕಾಫ್ಕಾನ ಮರಣಾನಂತರ 1925ರಲ್ಲಿ ಪ್ರಕಟವಾದ ಆ ಕೃತಿಯ ನಾಯಕ ಯೋಸೆಫ್ ಕೆ. ಒಂದು ಬ್ಯಾಂಕಿನ ಹಿರಿಯ ಅಧಿಕಾರಿ. ತನ್ನ ಅಪರಾಧವೇನೆಂದು ಅವನಿಗೆ ಕೊನೆಯವರೆಗೂ ತಿಳಿಯದು. ಹೋಲಿಕೆ ನಿಜವಾದರೂ ಅಲ್ಲಿಗೇ ನಿಲ್ಲುವುದು ಉಚಿತವಲ್ಲ. ಕೆ.ಯ ಬಾಲ್ಯದ ವಿಷಯವನ್ನು ಕಾಫ್ಕಾ ಬಹುಮಟ್ಟಿಗೆ ಹೇಳುವುದೇ ಇಲ್ಲ. ನಾಗಪ್ಪನಿಗಾದರೋ ಬಿಟ್ಟುಬಂದ ಊರಿದೆ, ಬಿಡದ ನೆನಪಿದೆ. 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಜನಿಸಿ, ಮುಂಬಯಿಯಲ್ಲಿ ಬಾಳಿ, 2014ರಲ್ಲಿ ಅಲ್ಲಿಯೇ ನಿಧನರಾದ ಚಿತ್ತಾಲರ ಕಥಾಲೋಕಕ್ಕೆ ಈ ಎರಡು ನೆಲೆಗಳೂ ಆಧಾರಸ್ತಂಭಗಳು. 1957ರ ‘ಸಂದರ್ಶನ’ದಿಂದ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಕಥೆಯಾದಳು ಹುಡುಗಿ’ಯವರೆಗಿನ ಸಂಕಲನಗಳನ್ನು ಜೊತೆಗಿಟ್ಟು ಓದಿದರೆ ಕಾದಂಬರಿಯ ದಾರಿಯು ಸುಗಮವಾಗುತ್ತದೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಚಿತ್ತಾಲರು ರಾಸಾಯನಿಕ ತಂತ್ರಜ್ಞರಾಗಿ ಬೇಕಲೈಟ್ ಹೈಲಂ ಸಂಸ್ಥೆಯಲ್ಲಿ ದುಡಿದವರೆಂಬ ಕಾರಣದಿಂದ, ಪಾತ್ರಗಳ ಹಿಂದಿರುವ ನಿಜವ್ಯಕ್ತಿಗಳು ಯಾರೆಂದು ಹುಡುಕುವವರುಂಟು. ಹಾಗೆ ಹುಡುಕುವ ವಾಚಕನು ತಾನೂ ಬೇಟೆಗೆ ಹೊರಟಂತಾಗಿ, ಕೃತಿಯು ಯಾವುದರ ವಿರುದ್ಧ ಎಚ್ಚರಿಸುವುದೋ ಅದನ್ನೇ ಮಾಡುತ್ತಾನೆ.

ಕಚೇರಿಗಳಲ್ಲಿ ಬದುಕು ಸವೆಸುವ ನಾವು ಕಡತದಲ್ಲಿ ಬರೆದ ಒಂದು ವಾಕ್ಯ ಒಬ್ಬ ಮನುಷ್ಯನನ್ನು ಏನು ಮಾಡಬಲ್ಲದೆಂಬುದನ್ನು ಬಲ್ಲೆವು. ಆ ವಾಕ್ಯವನ್ನು ಬರೆಯುವ ಕೈ ಒಂದು ದಿನ ನಮ್ಮದೂ ಆಗಿರಬಹುದು. ನಾಗಪ್ಪನಿಗಾಗಿ ಮರುಗುವುದು ಸುಲಭ. ಅವನನ್ನು ಅಟ್ಟುವವರಲ್ಲಿ ನಮ್ಮ ಮುಖವನ್ನು ಗುರುತಿಸುವುದು ಕಷ್ಟ. ಈ ಎರಡನೆಯ ಓದಿಗೆ ಸಿದ್ಧನಾದ ವಾಚಕನಿಗೆ ‘ಶಿಕಾರಿ’ಯು ದುರ್ಗಮವಾಗಿ ಉಳಿಯಲಾರದು.