ತೂತು ಬಿದ್ದ ನೆಗೆಟಿವ್, ಹೆಸರಿಲ್ಲದ ತಾಯಿ

1930ರ ದಶಕದ ಅಮೆರಿಕ. ಹತ್ತಿಯ ಬೆಲೆ ನೆಲಕಚ್ಚಿತ್ತು. ಬಯಲು ಸೀಮೆಯಲ್ಲಿ ವರ್ಷಗಟ್ಟಲೆ ಮಳೆಯಿಲ್ಲದೆ ಹೊಲದ ಮೇಲ್ಮಣ್ಣೇ ಧೂಳಾಗಿ ಹಾರಿಹೋಗಿತ್ತು. ಹಳೇ ಕಾರಿನ ಮೇಲೆ ಹಾಸಿಗೆ, ಪಾತ್ರೆಪಗಡಿ ಕಟ್ಟಿಕೊಂಡು ಕುಟುಂಬಗಳು ಕ್ಯಾಲಿಫೋರ್ನಿಯಾದ ಕಡೆಗೆ ಗುಳೆ ಹೊರಟಿದ್ದವು. ಇಂಥವರಿಗೆ ನೆಲೆ ಒದಗಿಸಲು 1935ರಲ್ಲಿ ಸರ್ಕಾರ ಪುನರ್ವಸತಿ ಇಲಾಖೆ ತೆರೆಯಿತು. ಆದರೆ ಹಳ್ಳಿಯ ಪಾಡು ಪಟ್ಟಣದವರ ಕಣ್ಣಿಗೆ ಬೀಳದೆ ಸಂಸತ್ತಿನಲ್ಲಿ ಹಣ ಹುಟ್ಟುವಂತಿರಲಿಲ್ಲ. ಫೋಟೊ ವಿಭಾಗ ಶುರುವಾದದ್ದು ಹಾಗೆ.

ಅದರ ಹೊಣೆ ಹೊತ್ತ ರಾಯ್ ಸ್ಟ್ರೈಕರ್ ಅರ್ಥಶಾಸ್ತ್ರದ ಮೇಷ್ಟರು. ಡೊರೊತಿಯಾ ಲ್ಯಾಂಗ್, ವಾಕರ್ ಇವಾನ್ಸ್, ಆರ್ಥರ್ ರಾತ್‌ಸ್ಟೈನ್‌ರಂಥ ಫೋಟೊಗ್ರಾಫರ್‌ಗಳನ್ನು ಊರೂರಿಗೆ ಕಳಿಸಿದವರು ಅವರೇ. ಕಾರ್ಲ್ ಮೈಡಾನ್ಸ್ ದಕ್ಷಿಣಕ್ಕೆ ಹೊರಟಾಗ ಹತ್ತಿಯ ಬಗ್ಗೆ ಏನು ಗೊತ್ತೆಂದು ಕೇಳಿ, ಹೆಚ್ಚೇನೂ ಗೊತ್ತಿಲ್ಲವೆಂದಾಗ ಹೊರಡಗೊಡದೆ ಪಾಠ ಹೇಳಿ ಕೂರಿಸಿದ್ದರು. ಆ ಚಿತ್ರಗಳಿಗೆ ತೂಕ ಬಂದದ್ದು ಇಂಥ ತಯಾರಿಯಿಂದ ಎಂದೇ ನನ್ನ ನಂಬಿಕೆ. ಅದೇ ಸ್ಟ್ರೈಕರ್ ಒಪ್ಪಿಗೆಯಾಗದ ನೆಗೆಟಿವ್‌ಗಳಿಗೆ ತೂತು ಹೊಡೆಸುತ್ತಿದ್ದರು. ಅವುಗಳ ಪ್ರಿಂಟ್ ಈಗ ನೋಡಿದರೆ ಹೊಲದ ನಡುವೆಯೋ, ಯಾರದೋ ಮುಖದ ಮೇಲೆಯೋ ದುಂಡನೆಯ ಕಪ್ಪು ಕಲೆ. ಫೋಟೊಗ್ರಾಫರ್‌ಗಳು ಜಗಳವಾಡಿದ ಮೇಲೆ ಆ ಪದ್ಧತಿ ನಿಂತಿತು.

1936ರ ಮಾರ್ಚ್. ಮಳೆಯಲ್ಲಿ ಮನೆಗೆ ಮರಳುತ್ತಿದ್ದ ಲ್ಯಾಂಗ್ ಕ್ಯಾಲಿಫೋರ್ನಿಯಾದ ನಿಪೋಮೊ ಬಳಿ ಬಟಾಣಿ ಕೀಳುವವರ ಬಿಡಾರದ ಫಲಕ ದಾಟಿ ಸುಮಾರು 20 ಮೈಲಿ ಮುಂದೆ ಹೋದವರು ಗಾಡಿ ತಿರುಗಿಸಿದರು. ಚಳಿಗೆ ಬೆಳೆ ಹಾಳಾಗಿ ಕೂಲಿಯಿರಲಿಲ್ಲ. ಹರಕು ಡೇರೆಯಲ್ಲಿ ಮಡಿಲ ಕೂಸು, ಭುಜಕ್ಕೆ ಮುಖ ಒತ್ತಿಕೊಂಡ ಮಕ್ಕಳು, ಗಲ್ಲದ ಹತ್ತಿರ ಕೈಯಿಟ್ಟು ಕೂತ 32ರ ತಾಯಿ. ಲ್ಯಾಂಗ್ ಆಕೆಯ ಚಿತ್ರ ತೆಗೆದರು, ವಯಸ್ಸು ಕೇಳಿದರು, ಹೆಸರು ಕೇಳಲಿಲ್ಲ. ಪತ್ರಿಕೆಯಲ್ಲಿ ಸುದ್ದಿ ಬಂದಿದ್ದೇ ಬಿಡಾರಕ್ಕೆ 20,000 ಪೌಂಡ್ ಆಹಾರ ಬಂತು. ಅಷ್ಟರಲ್ಲಿ ಆ ಕುಟುಂಬ ಮುಂದಿನ ಊರಿಗೆ ಹೋಗಿಯಾಗಿತ್ತು.

1944ರಲ್ಲಿ ಫೋಟೊ ವಿಭಾಗದ ನೆಗೆಟಿವ್‌ಗಳು ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು. ಸರ್ಕಾರಿ ಚಿತ್ರಗಳಾದ್ದರಿಂದ ಯಾರು ಬೇಕಾದರೂ ಅಚ್ಚುಹಾಕಬಹುದಿತ್ತು. ತಾಯಿಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಆಕೆ ಚೆರೋಕೀ ಮೂಲದವರು ಎಂಬುದು ಜಗತ್ತಿಗೆ ತಿಳಿದದ್ದು 1978ರಲ್ಲಿ. ಆ ಚಿತ್ರದಿಂದ ತನಗೆ ಬಿಡಿಗಾಸೂ ಸಿಗಲಿಲ್ಲವೆಂದು ಅವರು ನೊಂದು ಹೇಳಿದರು. ಲಕ್ಷಾಂತರ ಜನರ ಪರವಾಗಿ ನಿಂತ ಆ ಮುಖವನ್ನು 42 ವರ್ಷ ಯಾರೂ ಮಾತಾಡಿಸಲಿಲ್ಲವೆಂಬುದು ನನ್ನನ್ನು ಕಾಡುತ್ತಲೇ ಇದೆ. 1983ರಲ್ಲಿ ಅವರು ಹಾಸಿಗೆ ಹಿಡಿದಾಗ ಶುಶ್ರೂಷೆಗೆ ದುಡ್ಡಿಲ್ಲದೆ ಮಕ್ಕಳು ಆ ಚಿತ್ರದ ಹೆಸರಿನಲ್ಲೇ ನೆರವು ಕೇಳಿದರು. ದೇಶದ ಮೂಲೆಮೂಲೆಯಿಂದ ಹಣ ಬಂತು, ಜೊತೆಗೆ ಕಾಗದಗಳೂ.