ಉಪ್ಪುನೀರಿನ ಕಗ್ಗ, ಊರೊಟ್ಟಿನ ಕಟ್ಟೆ

ಕುಮಟಾ ತಾಲ್ಲೂಕಿನ ಮಾಣಿಕಟ್ಟಾ, ಹಿರೇಗುತ್ತಿ, ಐಗಳಕುರ್ವೆ ಕಡೆಯ ಗದ್ದೆಗಳ ಬಾಗಿಲಿಗೆ ದಿನಕ್ಕೆರಡು ಸಲ ಕಡಲು ಬಂದು ಹೋಗುತ್ತದೆ. ಬೇರೆ ಭತ್ತವಾದರೆ ಆ ಉಪ್ಪಿಗೇ ಸುಟ್ಟುಹೋದೀತು. ಇಲ್ಲಿ ಬೆಳೆಯುವುದು ಕಗ್ಗ. ಅಘನಾಶಿನಿ ಅಳಿವೆಯ ಗಜನಿ ಎನ್ನುವ ಉಪ್ಪುನೀರಿನ ತಗ್ಗು ಗದ್ದೆಗಳಲ್ಲಿ ತಲೆಮಾರುಗಳಿಂದ ಉಳಿದು ಬಂದ ಈ ತಳಿ ಎದೆಮಟ್ಟ ಬೆಳೆಯುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದ್ದರೂ ಚೇತರಿಸಿಕೊಳ್ಳುತ್ತದೆ. ಗೊಬ್ಬರದ ಚೀಲಕ್ಕಾಗಲಿ ಔಷಧಿಯ ಡಬ್ಬಿಗಾಗಲಿ ಇಲ್ಲಿ ಕೆಲಸವಿಲ್ಲ.

ಹಾಗಾದರೆ ಗದ್ದೆಗೆ ಸಾರ ಎಲ್ಲಿಂದ? ಜೂನ್ ಮಳೆ ಮಣ್ಣಿನ ಉಪ್ಪು ತೊಳೆಯುತ್ತದೆ. ನದಿ ಘಟ್ಟದ ಕಾಡಿನಿಂದ ಗೋಡು ಹೊತ್ತು ತರುತ್ತದೆ. ರೈತರು ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ಮಳೆ ಹಿಂದಾದ ಮೇಲೆ ಕೊಯ್ಯುವುದು ತೆನೆಯನ್ನಷ್ಟೇ, ಹುಲ್ಲು ಗದ್ದೆಯಲ್ಲೇ ನಿಲ್ಲುತ್ತದೆ. ಆಮೇಲೆ ಗದ್ದೆ ಸುತ್ತಲ ಕಟ್ಟೆಯಲ್ಲಿ ಕಡಲ ನೀರು ತಡೆಯುವ ಹಲಗೆ ಎತ್ತಿದರೆ ಉಬ್ಬರದ ಜೊತೆ ಸೀಗಡಿ, ಮೀನಿನ ಮರಿಗಳು ಒಳಗೆ ಬರುತ್ತವೆ. ಕೊಳೆಯುವ ಹುಲ್ಲು ಅವಕ್ಕೆ ಮೇವು, ಅವುಗಳ ಹಿಕ್ಕೆ ಬರುವ ವರ್ಷದ ಭತ್ತಕ್ಕೆ ಗೊಬ್ಬರ. ಕೇರಳದ ಪೊಕ್ಕಾಳಿ, ಗೋವಾದ ಖಾಜನ್ ಗದ್ದೆಗಳದ್ದೂ ಇದೇ ಲೆಕ್ಕ. ಗೋಡನ್ನು ತಡೆಯುವ ದೊಡ್ಡ ಅಣೆಕಟ್ಟೊಂದು ಅಘನಾಶಿನಿಗೆ ಇವತ್ತಿಗೂ ಅಡ್ಡ ಬಂದಿಲ್ಲ ಎಂಬುದನ್ನು ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಹಿಂದೆ ಊರವರೇ ಮಣ್ಣಿನ ಕಟ್ಟೆ ಹಾಕುತ್ತಿದ್ದರು, ಪ್ರತಿವರ್ಷ ದುರಸ್ತಿ ಮಾಡುತ್ತಿದ್ದರು. ಅಲೆಯ ಹೊಡೆತ ತಡೆಯಲು ಹೊರಮೈಗೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿತ್ತು. 1970ರ ದಶಕದಲ್ಲಿ ಸರ್ಕಾರ ಗಟ್ಟಿ ಕಲ್ಲಿನ ಕಟ್ಟೆ ಕಟ್ಟಿಸಿತು. ಉದ್ದೇಶ ಒಳ್ಳೆಯದೇ. ಆದರೆ ಕಟ್ಟೆ ಸರ್ಕಾರದ್ದಾದ ಮೇಲೆ ಅದನ್ನು ಕಾಯುವ ಊರೊಟ್ಟಿನ ಅಭ್ಯಾಸವೂ ಸಡಿಲವಾಯಿತು. ಅಷ್ಟರಲ್ಲಿ ಸೀಗಡಿಗೆ ಬೆಲೆ ಬಂತು. ಗಜನಿಗಳು ಗುತ್ತಿಗೆಗೆ ಹೋದವು, ಉಪ್ಪುನೀರು ಮಳೆಗಾಲದಲ್ಲೂ ಒಳಗೇ ಉಳಿಯತೊಡಗಿತು. ಭತ್ತ ಹಿಂದೆ ಸರಿಯಿತು. 1990ರ ದಶಕದ ನಡುವೆ ದೇಶದ ಸೀಗಡಿ ಹೊಂಡಗಳನ್ನು ಬಿಳಿಚುಕ್ಕೆ ರೋಗ ಬಡಿದಾಗ ಆ ಲಾಭದ ಭರವಸೆಯೂ ಅಲುಗಾಡಿತು.

ಭತ್ತ ಬಿಡದೆ ನಿಂತ ಊರುಗಳ ಪೈಕಿ ಮಾಣಿಕಟ್ಟಾದ್ದು ಎದ್ದು ಕಾಣುವ ಹೆಸರು. ಅಲ್ಲಿನ ರೈತರು ಸಂಘ ಕಟ್ಟಿಕೊಂಡು ಕಗ್ಗ ಬಿತ್ತುತ್ತಾ ಬಂದರು. ಬಿತ್ತದೆ ಬಿಟ್ಟರೆ ತಳಿಯೇ ಕೈತಪ್ಪುತ್ತದೆ. ಕರಾವಳಿಯ ತೇವಕ್ಕೆ ಭತ್ತದ ಬೀಜ ಹೆಚ್ಚು ವರ್ಷ ಬಾಳುವುದಿಲ್ಲ.

2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಜೌಗುಭೂಮಿ ಪಟ್ಟಿ ಸೇರಿತು. ಸಂತೋಷವೇ. ಆದರೆ ಪಟ್ಟಿ ಕಟ್ಟೆಗೆ ಮಣ್ಣು ಹೊರುವುದಿಲ್ಲ, ಕೆಸರಿಗಿಳಿದು ತೆನೆ ಕೊಯ್ಯುವುದೂ ಇಲ್ಲ. ಯಂತ್ರ ಹೂತುಹೋಗುವ ಈ ಗದ್ದೆಯಲ್ಲಿ ಎರಡಕ್ಕೂ ಆಳು ಬೇಕು, ಕೂಲಿ ಕೊಟ್ಟು ಉಳಿಯುವಷ್ಟು ಇಳುವರಿ ಕಗ್ಗಕ್ಕಿಲ್ಲ. ಅದಕ್ಕೇ ನೆರವು ಬರುವುದಾದರೆ ಮೊದಲು ಕಟ್ಟೆಗೂ ಕೊಯ್ಲಿಗೂ ಬರಬೇಕು, ಅದೂ ಸಂಘದ ಕೈಗೆ. ಒಬ್ಬ ಸೀಗಡಿಯ ಆಸೆಗೆ ಹಲಗೆ ಎತ್ತಿಟ್ಟನೆಂದರೆ ಒಂದೇ ಕಟ್ಟೆಯೊಳಗಿರುವ ಅಕ್ಕಪಕ್ಕದವರ ಮೊಳಕೆಯೂ ಉಪ್ಪಿಗೆ ಹೋಗುತ್ತದೆ.